ಮಹಡಿ ಮೇಲಿನ ಪೇಷೆಂಟ್

ಆಪಾ ತೀರಿಕೊಂಡರೆಂಬ ಸುದ್ದಿಯನ್ನು ಅವರ ಬೀದಿಯವರು ಒಂದೇ ಸಲಕ್ಕೆ ನಂಬಲಿಲ್ಲ. ಅದು ಅವರ ತಪ್ಪಲ್ಲ. ವಾರಕ್ಕೆ ಎರಡು ದಿನ, ಮಧ್ಯಾಹ್ನ ಮೂರರಿಂದ ಐದರವರೆಗೆ, ಆಪಾ ತಮ್ಮ ಮಹಡಿಯ ಮೇಲೆ ಸಾಯುತ್ತಿದ್ದರು. ಇಲ್ಲವೇ ಸಾಯುವ ಹಂತಕ್ಕೆ ಹೋಗಿ ವಾಪಸು ಬರುತ್ತಿದ್ದರು. ಎದೆನೋವು, ಲಕ್ವ, ಮಂಡಿ ಆಪರೇಷನ್, ಅವಳಿ ಮಕ್ಕಳ ಹೆರಿಗೆ, ಎಲ್ಲವೂ ಆಗಿತ್ತು. ಹೆರಿಗೆಯಾದ ದಿನ ಎದುರು ಮನೆಯ ಅಜ್ಜಿ ಬಿಸಿನೀರು ಕಾಯಿಸಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಆಪಾಗೆ ಆಗ ಅರವತ್ತೊಂದು ವರ್ಷ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಅವರು ನನಗೆ ರಕ್ತಸಂಬಂಧಿಯಲ್ಲ, ನಮ್ಮ ಜಾತಿಯವರೂ ಅಲ್ಲ. ಮೊದಲ ದಿನ ನಾನು ರೂಢಿಯಂತೆ ‘ಸಿಸ್ಟರ್’ ಎಂದಾಗ ಕೈ ಅಡ್ಡ ಹಿಡಿದಿದ್ದರು. “ನಕ್ಕೋ ನಕ್ಕೋ. ಮೂವತ್ತು ವರ್ಷ ಸಿಸ್ಟರ್ ಸಿಸ್ಟರ್ ಅಂತ ಕರೆಸ್ಕೊಂಡು ಕಿವಿ ತೂತಾಗಿದೆ. ಆಪಾ ಅನ್ನು ಸಾಕು.” ಆ ಮೂವತ್ತರಲ್ಲಿ ಇಪ್ಪತ್ತೊಂದು ವರ್ಷ ಅವರು ಗಲ್ಫಿನ ಆಸ್ಪತ್ರೆಯೊಂದರಲ್ಲಿ ಇದ್ದವರು. ಹೋದಾಗ ಬರೀ ವಾರ್ಡ್ ನರ್ಸು. ಬರುವಾಗ ಡಯಾಲಿಸಿಸ್ ವಿಭಾಗವನ್ನೇ ನಡೆಸುತ್ತಿದ್ದ ಇನ್‌ಚಾರ್ಜ್. ವಾಪಸು ಬಂದು ದೊಡ್ಡಬಳ್ಳಾಪುರದಲ್ಲಿ ತಮ್ಮನ ಮನೆಯ ಮಹಡಿಯಲ್ಲಿ ನೆಲೆಸಿದರು. ಕೆಳಗೆ ತಮ್ಮನ ನಾಲ್ಕು ಪವರ್‌ಲೂಮ್ ಮಗ್ಗಗಳು, ಮೇಲೆ ಅಕ್ಕನ ಆಸ್ಪತ್ರೆ.

ಆಸ್ಪತ್ರೆ ಎಂದು ನಾವು ತಮಾಷೆಗೆ ಕರೆಯುತ್ತಿದ್ದೆವು. ಅಲ್ಲಿದ್ದದ್ದು ಒಂದು ಹಳೆಯ ಕಬ್ಬಿಣದ ಮಂಚ, ತಲೆ ಕಡೆ ಎತ್ತಲು ಹಿಡಿಕೆ ತಿರುಗಿಸುವಂಥದ್ದು. ಮುಚ್ಚಿಹೋದ ಯಾವುದೋ ನರ್ಸಿಂಗ್ ಹೋಮಿನಿಂದ ಆಪಾ ಅದನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಅದರ ಮೇಲೆ ಅವರು ಮಲಗುವುದು, ನಾವು ಆರೇಳು ಜನ ನರ್ಸುಗಳು ಸರದಿಯಲ್ಲಿ ಹೋಗಿ ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು, ಅಷ್ಟೇ ಪಾಠ. ಹೊರದೇಶಕ್ಕೆ ಹೋಗುವ ನರ್ಸುಗಳಿಗೆ ಇಂಗ್ಲಿಷ್ ಪರೀಕ್ಷೆಯಿದೆ. ಓದು, ಬರಹ, ಆಲಿಸುವುದು ಹೇಗೋ ಆಗುತ್ತದೆ. ಮಾತಿನ ಪರೀಕ್ಷೆಯಲ್ಲಿ ಪರೀಕ್ಷಕರೇ ರೋಗಿಯಾಗಿ ಕೂರುತ್ತಾರೆ. ನಮ್ಮ ಕೈಗೆ ಒಂದು ಚೀಟಿ ಕೊಡುತ್ತಾರೆ: ಈ ರೋಗಿಗೆ ಇಂಥ ತೊಂದರೆ, ಸಮಾಧಾನ ಮಾಡಿ, ವಿವರಿಸಿ, ಒಪ್ಪಿಸಿ. ಐದು ನಿಮಿಷ.

ಆಪಾ ಒಳ್ಳೆಯ ರೋಗಿಯಾದದ್ದನ್ನು ನಾನು ನೋಡಲೇ ಇಲ್ಲ. ಒಂದು ದಿನ ಸ್ನಾನ ಮಾಡಲೊಪ್ಪದ ಮುದುಕ. ಇನ್ನೊಂದು ದಿನ ದಿಂಬಿನ ಕೆಳಗೆ ಸಿಗರೇಟು ಬಚ್ಚಿಟ್ಟುಕೊಂಡ ಹೃದ್ರೋಗಿ. ಸಿಗರೇಟಿಗೆ ಬದಲಾಗಿ ಒಂದು ದಾಲ್ಚಿನ್ನಿ ಚಕ್ಕೆ. ಅದನ್ನು ಎಷ್ಟು ಆಸೆಯಿಂದ ಎಳೆಯುತ್ತಿದ್ದರೆಂದರೆ ನಮ್ಮಲ್ಲೊಬ್ಬಳಿಗೆ ಕೆಮ್ಮು ಬಂತು. ಹಲ್ಲುಸೆಟ್ಟು ಕಳೆದುಕೊಂಡ ಮೇಮ್‌ಸಾಹೇಬರಾದ ದಿನ ಅವರು ಒಂದು ಗಂಟೆ ಬಾಯಿ ಬೊಚ್ಚಾಗಿಸಿಕೊಂಡೇ ಮಾತಾಡಿದರು, ನಡುವೆ ಬಂದ ಹಾಲಿನವನ ಜೊತೆಗೂ.

ದೇಶಗಳ ಬಗ್ಗೆ ಕೇಳಿದರೆ ಗಂಡು ನೋಡುವ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದರು.

“ಗಲ್ಫ್ ಅಂದ್ರೆ ಬೇಗ ಒಪ್ಪೋ ಗಂಡು. ಮನೆ ಕೊಡ್ತಾನೆ, ಓಡಾಡೋಕೆ ಬಸ್ಸು ಕೊಡ್ತಾನೆ. ಆದ್ರೆ ಇಪ್ಪತ್ತು ವರ್ಷ ಬಾಳಿದ್ರೂ ನೀನು ಮನೆಗೆ ಬಂದ ನೆಂಟರ ಹಾಗೇನೇ. ಜರ್ಮನಿ ಇದಾನಲ್ಲ, ಒಳ್ಳೇ ಮನೆತನ, ಆದ್ರೆ ನಮ್ಮ ಭಾಷೆ ಕಲ್ತು ಬಾ ಅಂತ ವರ್ಷಗಟ್ಲೆ ಕಾಯಿಸ್ತಾನೆ. ಇಂಗ್ಲೆಂಡು, ಐರ್ಲೆಂಡು ಅಣ್ಣ ತಮ್ಮಂದಿರು. ಹುಡುಗಿ ಬಾಯಿಬಿಟ್ಟು ಮಾತಾಡ್ತಾಳಾ ಅಂತ ಮೊದ್ಲು ನೋಡ್ತಾರೆ. ಹೋದ್ಮೇಲೆ ಕೈಗೆಲಸಾನೂ ಪರೀಕ್ಷೆ ಮಾಡ್ತಾರೆ. ಒಪ್ಪಿದ್ರೆ ಗಂಡ ಮಕ್ಕಳನ್ನೂ ಕರೆಸ್ಕೋಬಹುದು.”

“ಆಪಾ, ಯಾವ ಗಂಡೂ ಬೇಡ ಅಂದ್ರೆ?” ಎಂದು ಹಿಂದಿನಿಂದ ಯಾರೋ ಕೇಳಿದ್ದರು.

“ಇಲ್ಲೇ ಇರು. ಅದಕ್ಕೇನು ಅವಮಾನಾನಾ? ಆದ್ರೆ ಎಲ್ಲಿದ್ರೂ ಇಪ್ಪತ್ತು ವರ್ಷ ಅದೇ ಟ್ರಾಲಿ ತಳ್ಕೊಂಡಿರಬೇಡ. ಐಸಿಯು ಕಲಿ, ಥಿಯೇಟರ್ ಕಲಿ, ಯಾವ್ದಾದ್ರೂ ಒಂದನ್ನ ಕೊನೇ ತನಕ ಕಲಿ. ಡಾಕ್ಟ್ರು ಬಂದು ‘ಸಿಸ್ಟರ್, ನೀವು ಹೇಳಿ’ ಅನ್ನಬೇಕು. ಆ ಮಾತು ನಾನು ಒಂದ್ಸಲ ಕೇಳಿದ್ದೀನಿ. ಅವತ್ತು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಕುಣಿದೆ ಕಣ್ರೇ. ಈ ಮಂಡೀಲೇ.”

ಒಮ್ಮೆ ಒಬ್ಬ ಏಜೆಂಟ್ ಬಂದ. ಕೈಯಲ್ಲಿ ಬಣ್ಣದ ಕಾಗದ, ಬಾಯಲ್ಲಿ ಕೆನಡಾ. ಮೂರೇ ತಿಂಗಳಲ್ಲಿ ಎಲ್ಲರನ್ನೂ ಕಳಿಸುತ್ತೇನೆ, ಪಾಸ್‌ಪೋರ್ಟ್ ಕೊಟ್ಟಿರಿ ಎಂದ. ಆಪಾ ಅವನನ್ನು ಮರ್ಯಾದೆಯಿಂದ ಮಂಚದ ಮೇಲೆ ಮಲಗಿಸಿದರು. “ನೀವು ಪೇಷೆಂಟು. ಇವರು ಪ್ರಶ್ನೆ ಕೇಳ್ತಾರೆ, ಹೇಳ್ತಾ ಹೋಗಿ.” ಲೈಸೆನ್ಸ್ ನಂಬರ್ ಏನು, ಆಸ್ಪತ್ರೆಯ ಹೆಸರೇನು, ಪಾಸ್‌ಪೋರ್ಟ್ ನಿಮಗೆ ಯಾಕೆ? ನಾವು ಆರು ಜನ ಸುತ್ತ ನಿಂತು ಕೇಳಿದೆವು. ಅವನಿಗೆ ಬೆವರು ಬಂತು. ಆಪಾ ನಾಡಿ ಹಿಡಿದು ನೋಡಿ, “ನೂರಾ ಹತ್ತು ದಾಟಿದೆ, ಬರ್ಕೊಳ್ಳಿ” ಎಂದರು. ಆತ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದ.

ಇನ್ನು ನನ್ನ ವಿಷಯ. ನಾನು ತೂಬಗೆರೆಯ ಕಡೆಯವಳು. ದೊಡ್ಡಬಳ್ಳಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್. ನಮ್ಮಲ್ಲಿ ದಿನ ತುಂಬದ ಮಗು ಹುಟ್ಟಿದರೆ ಅದನ್ನು ಹತ್ತಿಯಲ್ಲಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಕಳಿಸುತ್ತೇವೆ. ಹನ್ನೊಂದು ವರ್ಷ ನಾನು ಮಕ್ಕಳನ್ನು ಸುತ್ತಿ ಕಳಿಸಿದ್ದೇನೆ. ಕೆಲವು ಒಂದು ಕೈಯಲ್ಲಿ ಹಿಡಿಯುವಷ್ಟೇ ಇರುತ್ತವೆ. ಆಂಬುಲೆನ್ಸಿನ ಬಾಗಿಲು ಮುಚ್ಚಿದ ಮೇಲೆ ಅವಕ್ಕೆ ಏನು ಮಾಡುತ್ತಾರೆ, ಹೇಗೆ ಉಳಿಸುತ್ತಾರೆ ಎಂಬುದನ್ನು ನಾನು ಕಲಿಯಬೇಕಿತ್ತು. ಐರ್ಲೆಂಡಿನ ಒಂದು ಆಸ್ಪತ್ರೆ ಅಂಥ ಮಕ್ಕಳ ವಾರ್ಡಿನಲ್ಲಿ ಕೆಲಸವನ್ನೂ ತರಬೇತಿಯನ್ನೂ ಕೊಡುತ್ತೇನೆಂದು ಪತ್ರ ಕಳಿಸಿತ್ತು. ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಅಷ್ಟೇ. ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲವೂ ಆಗದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು.

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದಲ್ಲ. ನನಗೆ ಮಾತೇ ಬರುವುದಿಲ್ಲ. ಮೊದಲ ಸಲ ಐದು ನಿಮಿಷದ ಪರೀಕ್ಷೆಯನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿ ಕೈಕಟ್ಟಿ ಕೂತೆ. ಪರೀಕ್ಷಕರು ಪಾಪ, ತಮ್ಮ ಕಾಯಿಲೆಯನ್ನು ತಾವೇ ಹೆಚ್ಚು ಮಾಡಿಕೊಂಡು ನೋಡಿದರು. ನಾನು ತಲೆಯಾಡಿಸಿದೆ.

ಇದನ್ನು ಹೇಳಿದಾಗ ಆಪಾ ನಗಲಿಲ್ಲ. ಮಂಚದ ಮೇಲೆ ಮಲಗಿ, “ನಾನು ರಕ್ತ ತೆಳುವಾಗೋ ಮಾತ್ರೆ ಶುರು ಮಾಡಿರೋ ಮುದುಕ. ಬಾ” ಎಂದರು. ಅವರ ತಮ್ಮ, ನಮಗೆಲ್ಲ ಭಾಯಿ, ಮೂಲೆಯಲ್ಲಿ ಕೂತು ನೂಲಿನ ಗಂಟು ಬಿಡಿಸುತ್ತಿದ್ದರು. ನಾನು ಹೋದೆ, ಹೊದಿಕೆ ಸರಿಮಾಡಿದೆ, ದಿಂಬು ಎತ್ತರಿಸಿದೆ, ಆಮೇಲೆ ಸೀದಾ ಮೂಲೆಯತ್ತ ತಿರುಗಿ ಅವರ ತಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಊಟವಾದ ಮೇಲೆ ಇವರಿಗೆ ಮಾತ್ರೆ ಕೊಡಿ, ಬೀಳದಂತೆ ನೋಡಿಕೊಳ್ಳಿ.

ಆಪಾ ಮಂಚದಲ್ಲಿ ಎದ್ದು ಕೂತರು. “ಅರೆ! ನಾನು ಇನ್ನೂ ಬದುಕಿದ್ದೀನಿ ಕಣೇ! ಕಾಯಿಲೆ ನಂದು, ಮಾತು ಅವನ ಜೊತೆನಾ? ಅವನಿಗೆ ಗೊತ್ತಿರೋದು ರೇಷ್ಮೆ, ಜರಿ ಎರಡೇ!”

ಭಾಯಿ ಗಾಬರಿಯಿಂದ ನೂಲು ಬಿಟ್ಟು, “ಏನು ಕೊಡ್ಬೇಕಮ್ಮಾ? ಯಾರಿಗೆ?” ಎಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ನಮ್ಮಲ್ಲಿ ಆ ತಪ್ಪು ಮಾಡದವರು ಒಬ್ಬರೂ ಇರಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಯಾರು ಮಾತಾಡುತ್ತಾರೆ? ಮಗನನ್ನು ಕೇಳುತ್ತೇವೆ, ಸೊಸೆಯನ್ನು ಕೇಳುತ್ತೇವೆ. ‘ಇವರಿಗೆ ಇಡ್ಲಿ ಕೊಟ್ರಾ? ಇವರು ಮೋಷನ್ ಹೋದ್ರಾ?’ ಮಂಚದ ಮೇಲಿರುವವರು ತಮ್ಮದೇ ಸುದ್ದಿಯನ್ನು ಸೂರು ನೋಡುತ್ತ ಕೇಳಿಸಿಕೊಳ್ಳುತ್ತಾರೆ. ಹನ್ನೊಂದು ವರ್ಷ ನಾನು ಹಾಗೇ ಕೆಲಸ ಮಾಡಿದ್ದೆ. ನನ್ನ ಮೌನಕ್ಕೆ ಅದು ಬಹಳ ಅನುಕೂಲವಾಗಿತ್ತು.

ಆವತ್ತಿನಿಂದ ಆಪಾ, ರೋಗಿಯ ಜೊತೆಗಿರುವ ನೆಂಟರನ್ನೆಲ್ಲ ಪಾಠದಿಂದ ಕಿತ್ತುಹಾಕಿದರು. ಭಾಯಿಗೆ ಮಹಡಿ ಹತ್ತಲು ನಿಷೇಧವಾಯಿತು. ನನಗೆ ಮನೆಗೆಲಸ ಕೊಟ್ಟರು: ದಿನಾ ಮನೆಯಲ್ಲಿ ಒಬ್ಬ ರೋಗಿಯ ಜೊತೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು, ಗಡಿಯಾರ ನೋಡಿಕೊಂಡು. ರೋಗಿ ಎಂದರೆ ನನ್ನ ಗಂಡ. ಅವರು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವರು.

“ಇವತ್ತು ನಿಮಗೆ ಏನಾಗಿದೆ ಅಂದ್ರೆ...” ಎಂದು ನಾನು ಶುರುಮಾಡಿದರೆ,

“ನಿಂತು ನಿಂತು ಕಾಲು ಬಿದ್ದೋಗಿದೆ ಕಣೆ, ಅದು ಸಾಲದಾ? ಮೇಲೆ ಕಿಡ್ನೀಲಿ ಕಲ್ಲು ಬೇರೆ ಯಾಕೆ ಇಡ್ತೀಯಾ?” ಎನ್ನುತ್ತಿದ್ದರು. ಆದರೂ ಮಲಗುತ್ತಿದ್ದರು. ಮೂರನೇ ನಿಮಿಷಕ್ಕೆ ಗೊರಕೆ. ಎಂಟು ವರ್ಷದ ಮಗಳು ಪಕ್ಕದಲ್ಲಿ ಕೂತು, “ಅಮ್ಮ, ಪೇಷೆಂಟ್ ಕೋಮಾಗೆ ಹೋದ್ರು, ಮಾತಾಡ್ತಾ ಇರು” ಎಂದು ಹುರಿದುಂಬಿಸುತ್ತಿದ್ದಳು.

ಆಪಾ ಪಾತ್ರ ಬಿಟ್ಟು ಹೊರಬರುತ್ತಿದ್ದದ್ದು ಕಡಿಮೆ. ಅದರಿಂದ ಒಮ್ಮೆ ದೊಡ್ಡ ರಂಪವೇ ಆಯಿತು. ಎದೆನೋವಿನ ರೋಗಿಯಾಗಿ ಅವರು ಮಂಚದಿಂದ ಅರ್ಧ ಜಾರಿ ನರಳುತ್ತಿದ್ದರು. ಸರದಿಯಲ್ಲಿದ್ದ ಹುಡುಗಿ ಹೊಸಬಳು, ಏನೂ ತೋಚದೆ ನಿಂತಿದ್ದಳು. ಪಕ್ಕದ ಮನೆಯ ಆಟೋದವರು ತಮ್ಮ ಬಾಲ್ಕನಿಯಿಂದ ಇದನ್ನು ನೋಡಿ, ಅವರೂ ಆ ಬೀದಿಗೆ ಹೊಸಬರು, ಗೋಡೆ ಹಾರಿ ಬಂದು ಆಪಾರನ್ನು ಎತ್ತಿಕೊಂಡೇ ಬಿಟ್ಟರು. ನಾವು ಬೇಡ ಬೇಡ ಎಂದು ಹಿಂದೆ ಓಡಿದೆವು. “ನರ್ಸುಗಳಾಗಿ ನೋಡ್ಕೊಂಡು ನಿಂತಿದೀರಲ್ಲಾ, ಮಾನ ಇದೆಯಾ?” ಎಂದು ಆತ ನಮಗೇ ಬೈದರು. ಆಪಾ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಆಟೋದಲ್ಲಿ ಕೂತು ಆ ಹೊಸ ಹುಡುಗಿಯ ಕೈ ಹಿಡಿದು ಇಂಗ್ಲಿಷಿನಲ್ಲೇ ನರಳಿದರು: ನರ್ಸ್, ನನಗೆ ಭಯವಾಗುತ್ತಿದೆ. ಹುಡುಗಿ ಅಳುತ್ತಲೇ, ಇಂಗ್ಲಿಷಿನಲ್ಲೇ, ನಾನು ಇಲ್ಲೇ ಇದ್ದೇನೆ, ನೋವು ಎಲ್ಲಿದೆ ಹೇಳಿ, ಉಸಿರು ನಿಧಾನವಾಗಿ ಬಿಡಿ ಎಂದಳು. ರೈಲ್ವೆ ಗೇಟಿನ ಹತ್ತಿರ ಆಪಾ ಎದ್ದು ಕೂತು ಸೆರಗು ಸರಿಮಾಡಿಕೊಂಡು, “ಪಾಸ್! ಭಯ್ಯಾ, ಗಾಡಿ ತಿರುಗ್ಸಿ. ಹಾಗೇ ಆ ಬೇಕರಿ ಹತ್ರ ನಿಲ್ಸಿ, ಎಲ್ರಿಗೂ ದಿಲ್‌ಪಸಂದ್ ತಗೊಳ್ಳೋಣ” ಎಂದರು. ಆಟೋದವರು ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದರು. ಎರಡನೇ ವಾರದಿಂದ ಪಾಠದ ಹೊತ್ತಿಗೆ ಸರಿಯಾಗಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

ಎಲ್ಲರೂ ಹೋದ ಮೇಲೆ ಒಂದು ಸಂಜೆ ನಾನು ಕೇಳಿದೆ: ನಾನು ಮಾತಾಡದಿದ್ದರೂ ಪೇಷೆಂಟುಗಳು ನನ್ನನ್ನು ಇಷ್ಟಪಡುತ್ತಾರಲ್ಲ ಆಪಾ, ಕೈ ಮೆತ್ತಗಿದೆ ಅನ್ನುತ್ತಾರಲ್ಲ, ಅದು ಸಾಲದಾ? ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಗಲ್ಫಿನ ಮೊದಲ ವರ್ಷದ ಕತೆ ಹೇಳಿದರು. ಆಗ ಅವರಿಗೆ ಅರಬ್ಬಿ ಬರುತ್ತಿರಲಿಲ್ಲ. ಒಬ್ಬ ಮುದುಕಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುತ್ತಿದ್ದಳಂತೆ, ನಾಲ್ಕು ಗಂಟೆ ಅಲುಗಾಡದೆ ಮಲಗಬೇಕು. ಆಪಾ ಅವಳ ಪಕ್ಕ ನಿಂತು ತಮ್ಮ ಮನೆಮಾತು ದಖನಿ ಉರ್ದುವಿನಲ್ಲೇ ಮಾತಾಡುತ್ತಿದ್ದರಂತೆ. ತಮ್ಮನ ಮದುವೆ, ಇಲ್ಲಿಯ ಬಿಸಿಲು, ಬಾಡಿನ ಸಾರು, ಬಾಯಿಗೆ ಬಂದದ್ದೆಲ್ಲ.

“ಅರ್ಥ ಆಗ್ತಿತ್ತಾ ಅವರಿಗೆ?”

“ಎಲ್ಲಿಂದ ಆಗುತ್ತೆ? ಒಂದಿನ ನಂಗೆ ಜ್ವರ, ಡ್ಯೂಟಿಗೆ ಹೋಗ್ಲಿಲ್ಲ. ಅವತ್ತು ಅವಳು ಸೂಜಿ ಹಾಕೋಕೆ ಕೈನೇ ಕೊಡ್ಲಿಲ್ವಂತೆ. ಬೇರೆ ನರ್ಸು ನಂಗಿಂತ ಚೆನ್ನಾಗಿ ಸೂಜಿ ಹಾಕ್ತಿದ್ಲು ಕಣೇ! ಕೈ ಮೆತ್ತಗಿರೋದು ಕಣ್ಣು ಮುಚ್ಕೊಂಡಿರೋರಿಗೆ ಗೊತ್ತಾಗುತ್ತೆ. ಎಚ್ಚರ ಇರೋರಿಗೆ ಮಾತು ಬೇಕು.”

ಇಷ್ಟು ಓದಿದವರು ಒಂದನ್ನು ಊಹಿಸಿರಬಹುದು: ಒಂದು ದಿನ ಅವರಿಗೆ ನಿಜವಾಗಿ ಎದೆನೋವು ಬಂತು, ನಾವೆಲ್ಲ ಪಾಠ ಎಂದುಕೊಂಡು ಕೂತೆವು ಎಂದು. ಹಾಗೇನೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಚಹಾದಲ್ಲಿ ಬ್ರೆಡ್ ಅದ್ದಿ ತಿನ್ನುತ್ತ, ತಮ್ಮನ ಹೆಂಡತಿಯ ಜೊತೆ ಗ್ಯಾಸ್ ಸಿಲಿಂಡರ್ ವಿಷಯ ಮಾತಾಡುತ್ತ, ಅರ್ಧ ಬ್ರೆಡ್ ಉಳಿಸಿ ಹೋದರು. ಒಂದು ನರಳಾಟವಿಲ್ಲ. ಆಟೋದವರು ಓಡಿ ಬಂದರೂ ಕೆಲಸವಿರಲಿಲ್ಲ. “ಇಷ್ಟು ಸಿಂಪಲ್ಲಾಗಿ ಹೋಗೋರಲ್ಲ ಇವ್ರು” ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಹೋದಾಗ ಮಹಡಿಯ ಹುಡುಗಿಯರೆಲ್ಲ ಬಂದಿದ್ದರು, ಕೆಲವರು ಡ್ಯೂಟಿಯಿಂದ ಯೂನಿಫಾರ್ಮಿನಲ್ಲೇ. ಅವರ ಕೈಗಳು ಸುಮ್ಮನಿರಲಾರದೆ ಹೊದಿಸಿದ ಬಿಳಿ ಬಟ್ಟೆಯ ಮೂಲೆಗಳನ್ನು ಆಸ್ಪತ್ರೆಯ ಹಾಸಿಗೆಯಂತೆ ಮಡಿಸಿ ಮಡಿಸಿ ಇಡುತ್ತಿದ್ದವು. ಮನೆಯ ಹೆಂಗಸರು ಬಿಡಿಸಿ ಸರಿಮಾಡುವರು, ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಮಡಿಸುವಳು. ಕೊನೆಗೆ ಭಾಯಿಯ ಹೆಂಡತಿಗೇ ಅಳುವಿನ ನಡುವೆ ನಗು ಬಂತು. ಆ ನಗು ನಮಗೆಲ್ಲ ಹತ್ತಿ, ಸಾವಿನ ಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತೆವು.

ನನ್ನ ಪರೀಕ್ಷೆಗೆ ಒಂಬತ್ತು ದಿನವಿತ್ತು. ಹೋಗುವುದಿಲ್ಲ ಎಂದೆ. ಬಾಯಿ ಮೊದಲಿನಂತೆ ಮುಚ್ಚಿಕೊಂಡಿತ್ತು. ಮನೆಯಲ್ಲೂ ಮಾತಿರಲಿಲ್ಲ, ವಾರ್ಡಿನಲ್ಲೂ ಇರಲಿಲ್ಲ. ಐದನೇ ದಿನ ಗಂಡ ತಾವೇ ಚಾಪೆ ಹಾಸಿ ಮಲಗಿದರು.

“ನಾನೀಗ ಮುದುಕ. ಕಾಯಿಲೆ ನೀನೇ ಹೇಳು.”

“ಬೇಡ ರೀ.”

“ಅರೆ! ನಾನು ಬದುಕಿದ್ದೀನಿ ಕಣೇ!” ಎಂದು ಆಪಾರಂತೆ ಕೂಗಲು ನೋಡಿದರು. ಗಂಟಲು ಎಡವಿ ಮೇಕೆಯಂತೆ ಕೇಳಿಸಿತು. ಮಗಳು ನಗುತ್ತ ಉರುಳಾಡಿದಳು. ಏಳು ನಿಮಿಷ ಮಾತಾಡಿದೆ. ಅವರು ನಿದ್ದೆ ಮಾಡಲಿಲ್ಲ.

ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ನನಗೆ ಸಿಕ್ಕಿದ ರೋಗಿ ಸಕ್ಕರೆ ಕಾಯಿಲೆಯವರು. ಕಾಲಿನಲ್ಲಿ ಹುಣ್ಣು, ಡ್ರೆಸ್ಸಿಂಗಿಗೆ ಬರಲು ಒಪ್ಪುತ್ತಿಲ್ಲ. ಪರೀಕ್ಷಕರು ನರೆಗೂದಲ ಗಂಭೀರ ಮನುಷ್ಯ. ಕೋಣೆಯಲ್ಲಿ ನಾವಿಬ್ಬರೇ, ತಿರುಗಿ ನೋಡಲು ಮೂಲೆಯಲ್ಲಿ ಯಾರೂ ಇರಲಿಲ್ಲ. ನಾನು ಅವರನ್ನೇ ಕೇಳಿದೆ. ನೋವಿದೆಯಾ ಎಂದೆ. ಬರಲು ಏನು ತೊಂದರೆ ಎಂದೆ. ಬಸ್ಸಿಗೆ ದೂರ ಎಂದರು. ಜೊತೆಗೆ ಯಾರಿದ್ದಾರೆ ಎಂದೆ. ಯಾರೂ ಇಲ್ಲ ಎಂದರು. ಹಾಗಾದರೆ ಮನೆಯಲ್ಲಿ ಹುಣ್ಣನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. ನನಗೆ ನಿಜವಾಗಿಯೂ ಚಿಂತೆ ಹತ್ತಿಬಿಟ್ಟಿತ್ತು. ಸಮಯ ಮುಗಿಯಿತು, ಧನ್ಯವಾದ ಎಂದು ಅವರು ಚೀಟಿಗೆ ಕೈ ಚಾಚಿದರು. ನಾನು ಚೀಟಿ ಬಿಡಲಿಲ್ಲ. “ಸರ್, ನೀವು ಇನ್ನೂ ಒಪ್ಪಿಲ್ಲ” ಎಂದೆ, ಇಂಗ್ಲಿಷಿನಲ್ಲಿ. ಅವರು ಮೇಜಿನ ಮೇಲಿದ್ದ ರೆಕಾರ್ಡರ್ ಆರಿಸಿ, “ಬರುತ್ತೇನೆ ನರ್ಸ್, ಖಂಡಿತ ಬರುತ್ತೇನೆ” ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಕಾವಲುಗಾರರು ಬಂದು, “ಹೋಗ್ಲಿ ಬಿಡಿ ಮೇಡಂ, ಮುಂದಿನ ಸಲ ಆಗುತ್ತೆ” ಎಂದು ನೀರು ಕೊಟ್ಟರು.

ಫಲಿತಾಂಶ ಬಂದದ್ದು ಡ್ಯೂಟಿಯಲ್ಲಿದ್ದಾಗ. ಮೊಬೈಲಿನಲ್ಲಿ ಮೂರು ಸಲ ನೋಡಿದೆ, ನಾಲ್ಕನೆಯ ಸಲ ಬಾಣಂತಿಯೊಬ್ಬಳಿಗೆ ತೋರಿಸಿ ಓದಿಸಿದೆ. ಡ್ಯೂಟಿ ಮುಗಿದ ಕೂಡಲೇ ಕಾಲುಗಳು ತಾವಾಗಿ ಆ ಬೀದಿಗೆ ನಡೆದವು. ಮಹಡಿಯಲ್ಲಿ ಹೇಳಿಸಿಕೊಳ್ಳುವವರು ಇರಲಿಲ್ಲ. ಭಾಯಿ ಮಗ್ಗದ ಮನೆಯಲ್ಲಿದ್ದರು. ನಾಲ್ಕೂ ಮಗ್ಗ ಓಡುತ್ತಿದ್ದವು.

“ಭಾಯಿ, ಪಾಸಾದೆ” ಎಂದೆ.

“ಏನಮ್ಮಾ? ಜೋರಾಗಿ ಹೇಳು!”

“ಪಾಸಾದೆ ಭಾಯಿ!”

ಅವರು ಕಿವಿ ಮುಂದೆ ಮಾಡಿದರು. ನಾನು ಹೊಟ್ಟೆಯೊಳಗಿಂದ ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅವರಿಗೆ ತಿಳಿದಿರಬೇಕು, ಗೋಡೆಯ ಮೇನ್ ಸ್ವಿಚ್ಚು ಎಳೆದುಬಿಟ್ಟರು. ನಾಲ್ಕೂ ಮಗ್ಗ ಗಪ್ಪೆಂದು ನಿಂತವು. ನನ್ನ ಬಾಯಿ ನಿಲ್ಲಲಿಲ್ಲ.

“ನಾನು ಪಾಸಾದೆ! ಐರ್ಲೆಂಡಿಗೆ ಹೋಗ್ತೀನಿ! ಮಕ್ಕಳ ವಾರ್ಡಿಗೆ!”

ಆ ನಿಶ್ಶಬ್ದದಲ್ಲಿ ನನ್ನ ಕೂಗು ಬಾಗಿಲು ದಾಟಿ ಇಡೀ ಬೀದಿಗೆ ಕೇಳಿಸಿತು. ಹನ್ನೊಂದು ವರ್ಷದಲ್ಲಿ ನಾನು ಯಾರ ಮೇಲೂ ಅಷ್ಟು ದನಿಯೆತ್ತಿದವಳಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೆ. ಕೆಲಸಗಾರರು ನಗುತ್ತಿದ್ದರು. ಭಾಯಿ ನಗುತ್ತಿರಲಿಲ್ಲ. ಟವೆಲಿನಿಂದ ಕಣ್ಣೊರೆಸಿಕೊಂಡು ಹೇಳಿದರು:

“ಇನ್ನೊಂದ್ಸಲ ಹೇಳಮ್ಮಾ.”

“ಕೇಳಿಸ್ತಲ್ಲ ಭಾಯಿ, ಮಗ್ಗ ನಿಂತಿದೆ.”

“ನಂಗೆ ಕೇಳಿಸ್ತು. ಮಹಡಿಗೂ ಕೇಳೋ ಹಾಗೆ ಇನ್ನೊಂದ್ಸಲ ಹೇಳು.”

ಹೇಳಿದೆ. ಮೊದಲಿಗಿಂತ ಜೋರಾಗಿ.